ಕೆಟ್ಟ ಜೀನ್ ಏಕೆ ಅಳಿಯುವುದಿಲ್ಲ? ಎಣಿಸಿ ತಿಳಿಯುವ ಜೀವವಿಕಾಸ

ಓದುಗರು ಕೇಳುವ ಪ್ರಶ್ನೆಗಳಲ್ಲಿ ಮೂರು ಮತ್ತೆ ಮತ್ತೆ ಬರುತ್ತವೆ. ಪ್ರಬಲ ಗುಣ ಎಂದ ಮೇಲೆ ಅದು ಕಾಲಕ್ರಮೇಣ ಎಲ್ಲರಿಗೂ ಹರಡಬೇಕಲ್ಲವೇ? ಕಾಯಿಲೆ ತರುವ ಜೀನ್ ಸಾವಿರಾರು ವರ್ಷಗಳಾದರೂ ಏಕೆ ಉಳಿದುಕೊಂಡಿದೆ? ಹತ್ತಿಯ ಹುಳುವಿಗೆ ಔಷಧಿ ಒಗ್ಗಿಹೋಗುವುದು ಹೇಗೆ? ಮೂರಕ್ಕೂ ಉತ್ತರ ಒಂದೇ ಲೆಕ್ಕದಲ್ಲಿ ಸಿಗುತ್ತದೆ, ಮತ್ತು ಆ ಲೆಕ್ಕಕ್ಕೆ ಹೈಸ್ಕೂಲಿನಲ್ಲಿ ಕಲಿತ ‘ಎ ಪ್ಲಸ್ ಬಿ ಹೋಲ್ ಸ್ಕ್ವೇರ್’ ಸಾಕು. ಜೀವವಿಕಾಸದ ಬಗ್ಗೆ ಕಥೆ ಕಟ್ಟುವುದು ಬಹಳ ಸುಲಭ. ಅದಕ್ಕೇ ನನ್ನದೊಂದು ಹಟ: ಮೊದಲು ಎಣಿಸಿ, ಕಥೆ ಆಮೇಲೆ.

ಬೇಕಾಗುವ ಸಾಮಗ್ರಿ

ಕಾಗದ, ಪೆನ್ಸಿಲ್, ವರ್ಗಮೂಲ ತೆಗೆಯಬಲ್ಲ ಕ್ಯಾಲ್ಕುಲೇಟರ್ (ಮೊಬೈಲಿನದೇ ಆದೀತು), ಒಂದು ಡಬ್ಬಿ, ಹತ್ತು ಕೆಂಪು ಮತ್ತು ಹತ್ತು ಬಿಳಿ ಅಲಸಂದೆ ಕಾಳು. ಕಾಳುಗಳು ಒಂದೇ ಗಾತ್ರದವಾಗಿರಲಿ. ಕೈಗೆ ವ್ಯತ್ಯಾಸ ತಿಳಿದರೆ ಆರನೆಯ ಹಂತದ ಆಟ ಕೆಡುತ್ತದೆ.

ಕೆಲವು ಪದಗಳನ್ನೂ ಜೊತೆಗಿಟ್ಟುಕೊಳ್ಳಿ. ಜೀನ್ ಎಂದರೆ ಡಿಎನ್‌ಎ ಎಳೆಯ ಒಂದು ಗೊತ್ತಾದ ಜಾಗದಲ್ಲಿರುವ ಬರಹ. ಅದೇ ಬರಹದ ಪಾಠಾಂತರಗಳಿಗೆ ಅಲೀಲ್ ಎಂದು ಹೆಸರು. ಹಳೆಯ ಓಲೆಗರಿಗಳಲ್ಲಿ ಒಂದೇ ಪದ್ಯಕ್ಕೆ ಎರಡು ಪಾಠ ಸಿಗುವುದಿಲ್ಲವೇ, ಹಾಗೆ. ನಮ್ಮಲ್ಲಿ ಬಹುಪಾಲು ಜೀನ್‌ಗಳಿಗೆ ಎರಡೆರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಎರಡೂ ಒಂದೇ ಪಾಠವಾದರೆ ಅದು ಸಮಜೋಡಿ, ಬೇರೆ ಬೇರೆಯಾದರೆ ಮಿಶ್ರ ಜೋಡಿ ಎಂದು ಇಲ್ಲಿ ಕರೆಯುತ್ತೇನೆ. ಮಿಶ್ರ ಜೋಡಿಯಲ್ಲಿ ಹೊರಗೆ ಕಾಣಿಸಿಕೊಳ್ಳುವ ಅಲೀಲ್ ಪ್ರಬಲ, ಮರೆಯಲ್ಲಿ ಉಳಿಯುವುದು ದುರ್ಬಲ.

ಈ ಕೊನೆಯ ಎರಡು ಪದಗಳೇ ಮೊದಲ ಹಳ್ಳ. ‘ಪ್ರಬಲ’ ಎಂಬುದು ಮಿಶ್ರ ಜೋಡಿಯಲ್ಲಿ ಯಾವುದು ಕಾಣುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಯಾವುದು ಹೆಚ್ಚು, ಯಾವುದು ಒಳ್ಳೆಯದು, ಯಾವುದು ಗೆಲ್ಲುತ್ತದೆ ಎಂಬ ಸುದ್ದಿ ಅದರಲ್ಲಿ ಇಲ್ಲ. ನರಗಳನ್ನು ನಾಶ ಮಾಡುವ ಹಂಟಿಂಗ್‌ಟನ್ ಕಾಯಿಲೆ ಪ್ರಬಲ ಅಲೀಲಿನಿಂದ ಬರುತ್ತದೆ, ಆದರೆ ಬಲು ಅಪರೂಪ. ಓ ರಕ್ತದ ಗುಂಪು ದುರ್ಬಲ ಅಲೀಲಿನದು, ಆದರೆ ಬೀದಿಗೊಬ್ಬರಲ್ಲ, ಮನೆಗೊಬ್ಬರು ಸಿಗುತ್ತಾರೆ.

1. ಗುಂಪು ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ

ಒಂದು ಜೀವಿ ವಿಕಾಸ ಹೊಂದುವುದಿಲ್ಲ. ಅದು ಹುಟ್ಟುವಾಗ ತಂದ ಅಲೀಲ್‌ಗಳನ್ನೇ ಇಟ್ಟುಕೊಂಡು ಸಾಯುತ್ತದೆ. ಬದಲಾಗುವುದು ಗುಂಪು, ಅಂದರೆ ತಮ್ಮತಮ್ಮಲ್ಲೇ ಸಂತಾನ ಬೆಳೆಸುವ ಒಂದೇ ಪ್ರಭೇದದ ಜೀವಿಗಳು. ಪಠ್ಯಪುಸ್ತಕದಲ್ಲಿ ಇದನ್ನು ಜೀವಿಸಂದಣಿ ಎನ್ನುತ್ತಾರೆ. ತಲೆಮಾರಿನಿಂದ ತಲೆಮಾರಿಗೆ ಗುಂಪಿನಲ್ಲಿ ಅಲೀಲ್‌ಗಳ ಪ್ರಮಾಣ ಬದಲಾದರೆ ಅಷ್ಟೇ ಸಾಕು, ಅದು ವಿಕಾಸ. ಬಾಲ ಉದುರಬೇಕಿಲ್ಲ, ರೆಕ್ಕೆ ಮೂಡಬೇಕಿಲ್ಲ.

ಗುಂಪು ಯಾವುದು ಎಂದು ಕಾಗದದ ತಲೆಯಲ್ಲೇ ಬರೆಯಿರಿ. ‘ಜಿಲ್ಲಾಸ್ಪತ್ರೆಗೆ ಬಂದವರು’ ಎಂಬುದು ಗುಂಪಲ್ಲ, ಸರತಿ ಸಾಲು. ಇದನ್ನು ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂಬುದು ನಾಲ್ಕನೆಯ ಹಂತದಲ್ಲಿ ಗೊತ್ತಾಗುತ್ತದೆ.

2. ಜನರನ್ನಲ್ಲ, ಅಲೀಲ್‌ಗಳನ್ನು ಎಣಿಸಿ

ಸಿಕಲ್ ಸೆಲ್ ಕಾಯಿಲೆಯನ್ನು ತೆಗೆದುಕೊಳ್ಳೋಣ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ ಆರನೆಯ ಜಾಗದ ಗ್ಲುಟಾಮಿಕ್ ಆಮ್ಲ ಹೋಗಿ ಅಲ್ಲಿ ವ್ಯಾಲಿನ್ ಬಂದು ಕೂರುತ್ತದೆ. ಡಿಎನ್‌ಎ ಬರಹದಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಸಾಧಾರಣ ಪಾಠ ಎ, ಬದಲಾದ ಪಾಠ ಎಸ್. ಎಸ್‌ಎಸ್ ಜೋಡಿ ಇರುವವರ ಕೆಂಪು ರಕ್ತಕಣ ಆಮ್ಲಜನಕ ಕಡಿಮೆಯಾದಾಗ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎಎಸ್ ಜೋಡಿಯವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ಗಡಿಗೆ ತಾಗಿದ ನೀಲಗಿರಿಯ ಬುಡಕಟ್ಟುಗಳಲ್ಲಿ.

ಲೆಕ್ಕಕ್ಕಾಗಿ ಒಂದು ಊರನ್ನು ಕಲ್ಪಿಸಿಕೊಳ್ಳಿ. 500 ಜನರ ರಕ್ತಪರೀಕ್ಷೆ ಆಗಿದೆ. ಎಎ 400, ಎಎಸ್ 90, ಎಸ್‌ಎಸ್ 10.

ಒಬ್ಬೊಬ್ಬರಲ್ಲಿ ಎರಡು ಪ್ರತಿ, ಆದ್ದರಿಂದ ಒಟ್ಟು 1,000 ಪ್ರತಿಗಳು. ಎಸ್ ಪ್ರತಿಗಳು: ಎಎಸ್ ಜನರಿಂದ 90, ಎಸ್‌ಎಸ್ ಜನರಿಂದ 20, ಒಟ್ಟು 110. ಹಾಗಾದರೆ ಎಸ್‌ನ ಪ್ರಮಾಣ 0.11. ಇದಕ್ಕೆ ‘ಕ್ಯೂ’ ಎಂದು ಹೆಸರಿಡಿ. ಉಳಿದ 0.89 ‘ಪಿ’. ಎರಡನ್ನೂ ಕೂಡಿದರೆ 1 ಬರಲೇಬೇಕು.

3. ಏನೂ ನಡೆಯದಿದ್ದರೆ ಏನಿರಬೇಕಿತ್ತು ಎಂದು ಬರೆಯಿರಿ

1908ರಲ್ಲಿ ಲಂಡನ್ನಿನ ಒಂದು ಉಪನ್ಯಾಸದ ನಂತರ ಇದೇ ಪ್ರಶ್ನೆ ಎದ್ದಿತ್ತು: ಮೊಟಕು ಬೆರಳಿನ ಗುಣ ಪ್ರಬಲವಾದರೆ ಕ್ರಮೇಣ ಮುಕ್ಕಾಲು ಜನಕ್ಕೆ ಮೊಟಕು ಬೆರಳು ಬರಬೇಕಲ್ಲ? ಉಪನ್ಯಾಸ ಕೊಟ್ಟ ತಳಿವಿಜ್ಞಾನಿ ಪನ್ನೆಟ್ ಅವರಿಗೆ ಉತ್ತರ ಹೊಳೆಯಲಿಲ್ಲ. ಕೇಂಬ್ರಿಜ್‌ನಲ್ಲಿ ತಮ್ಮೊಡನೆ ಕ್ರಿಕೆಟ್ ಆಡುತ್ತಿದ್ದ ಗಣಿತಜ್ಞ ಹಾರ್ಡಿಯವರನ್ನು ಕೇಳಿದರು. ಐದು ವರ್ಷಗಳ ನಂತರ ರಾಮಾನುಜನ್ ಪತ್ರ ಬರೆದದ್ದು ಇದೇ ಹಾರ್ಡಿಯವರಿಗೆ. ಅವರಿಗೆ ಈ ಲೆಕ್ಕ ಎಷ್ಟು ಕ್ಷುಲ್ಲಕವೆನಿಸಿತೆಂದರೆ ಬರೆಯಲೂ ಸಂಕೋಚಪಟ್ಟರು. ಅದೇ ವರ್ಷ ಸ್ಟಟ್‌ಗಾರ್ಟ್‌ನ ವೈದ್ಯ ವೈನ್‌ಬರ್ಗ್ ಕೂಡ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡಿದ್ದರು. ಹೀಗಾಗಿ ಇದು ಹಾರ್ಡಿ-ವೈನ್‌ಬರ್ಗ್ ಸಮತೋಲ.

ಊರಿನ ಎಲ್ಲ ಅಲೀಲ್‌ಗಳನ್ನೂ ಒಂದು ಡಬ್ಬಿಗೆ ಸುರಿದು, ಕಣ್ಣು ಮುಚ್ಚಿ ಎರಡೆರಡಾಗಿ ತೆಗೆದು ಮಕ್ಕಳನ್ನು ಮಾಡಿದಂತೆ ಯೋಚಿಸಿ. ಮೊದಲ ಸಲ ಎಸ್ ಬರುವ ಸಂಭವ ಕ್ಯೂ, ಎರಡನೆಯ ಸಲವೂ ಕ್ಯೂ. ಎರಡೂ ಎಸ್ ಆಗುವ ಸಂಭವ ಕ್ಯೂ². ಎರಡೂ ಎ ಆಗುವುದು ಪಿ². ಮಿಶ್ರ ಜೋಡಿ ಎರಡು ದಾರಿಯಲ್ಲಿ ಬರಬಹುದು, ಆದ್ದರಿಂದ 2ಪಿಕ್ಯೂ.

ಪಿ² + 2ಪಿಕ್ಯೂ + ಕ್ಯೂ² = 1

ಮಕ್ಕಳಲ್ಲಿ ಮತ್ತೆ ಅಲೀಲ್ ಎಣಿಸಿ ನೋಡಿ. ಅದೇ ಪಿ, ಅದೇ ಕ್ಯೂ ಬರುತ್ತವೆ. ಮೊಮ್ಮಕ್ಕಳಲ್ಲೂ ಅಷ್ಟೇ. ಪ್ರಬಲವೋ ದುರ್ಬಲವೋ ಎಂಬ ಮಾತು ಸೂತ್ರದಲ್ಲಿ ಎಲ್ಲಿಯೂ ಬರುವುದೇ ಇಲ್ಲ. ಮೊದಲ ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು.

ನಮ್ಮ ಊರಿಗೆ ನಿರೀಕ್ಷಿತ ಸಂಖ್ಯೆಗಳು: ಎಎ 500 × 0.7921 = 396.05, ಎಎಸ್ 500 × 0.1958 = 97.9, ಎಸ್‌ಎಸ್ 500 × 0.0121 = 6.05.

4. ಕಂಡದ್ದನ್ನು ನಿರೀಕ್ಷೆಯೊಂದಿಗೆ ತಾಳೆ ನೋಡಿ

ಆರು ಇರಬೇಕಾದಲ್ಲಿ ಹತ್ತು ರೋಗಿಗಳು! ಇಲ್ಲೇ ಹಲವರು ಕಥೆ ಶುರುಮಾಡುತ್ತಾರೆ. ತಾಳಿ. ಪ್ರತಿ ವರ್ಗಕ್ಕೂ ವ್ಯತ್ಯಾಸವನ್ನು ವರ್ಗ ಮಾಡಿ, ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ, ಮೂರನ್ನೂ ಕೂಡಿ. ಇದೇ ಕೈ-ಸ್ಕ್ವೇರ್ ಪರೀಕ್ಷೆ. ನಮ್ಮಲ್ಲಿ 0.04 + 0.64 + 2.58, ಸುಮಾರು 3.26. ಮೀರಬೇಕಾದ ಗೆರೆ 3.84; ಬರೀ ಆಕಸ್ಮಿಕದಿಂದ ಇದನ್ನು ದಾಟುವುದು ನೂರರಲ್ಲಿ ಐದು ಸಲವಷ್ಟೇ. ಮೀರಿಲ್ಲ. ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿಯೂ ಬರಬಹುದು, ಕಥೆ ಬೇಡ.

ಎರಡು ಎಚ್ಚರಿಕೆ. ಮೂರು ವರ್ಗಗಳಿವೆ ಎಂದು 5.99ರ ಗೆರೆ ಹಿಡಿಯಬೇಡಿ. ಪಿಯನ್ನು ಇದೇ ಅಂಕಿಗಳಿಂದ ತೆಗೆದಿದ್ದೇವೆ, ಹೀಗಾಗಿ ಸಂಖ್ಯಾಶಾಸ್ತ್ರದವರು ಡಿಗ್ರಿ ಆಫ್ ಫ್ರೀಡಂ ಎನ್ನುವ ಲೆಕ್ಕದಲ್ಲಿ ನಮಗೆ ಉಳಿಯುವುದು ಒಂದೇ. ಮತ್ತು ಯಾವುದಾದರೂ ವರ್ಗದಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕೆಳಗಿದ್ದರೆ ಈ ಪರೀಕ್ಷೆಯನ್ನು ನಂಬಬೇಡಿ. ಇನ್ನಷ್ಟು ಜನರನ್ನು ಎಣಿಸಿ.

ಈಗ ದೊಡ್ಡ ಹಳ್ಳ. ಅಕ್ಕಪಕ್ಕದ ಎರಡು ಹಳ್ಳಿಗಳು, ತಲಾ 250 ಜನ, ಪರಸ್ಪರ ಹೆಣ್ಣು-ಗಂಡು ಕೊಟ್ಟು ತರುವ ವಾಡಿಕೆ ಇಲ್ಲ. ಮೊದಲ ಹಳ್ಳಿಯಲ್ಲಿ ಎಸ್ ಇಲ್ಲವೇ ಇಲ್ಲ: 250 ಜನರೂ ಎಎ. ಎರಡನೆಯದರಲ್ಲಿ ಕ್ಯೂ 0.2: ಎಎ 160, ಎಎಸ್ 80, ಎಸ್‌ಎಸ್ 10. ಎರಡೂ ತಮ್ಮತಮ್ಮಲ್ಲಿ ಸೂತ್ರಕ್ಕೆ ಕರಾರುವಾಕ್ಕಾಗಿ ಹೊಂದುತ್ತವೆ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿ: ಎಎ 410, ಎಎಸ್ 80, ಎಸ್‌ಎಸ್ 10. ಒಟ್ಟು ಕ್ಯೂ 0.1, ನಿರೀಕ್ಷಿತ ರೋಗಿಗಳು 5, ಇರುವವರು 10. ಕೈ-ಸ್ಕ್ವೇರ್ 6.17, ಗೆರೆ ದಾಟಿಯೇ ಹೋಯಿತು. ನಿಸರ್ಗದ ಆಯ್ಕೆಯೂ ಇಲ್ಲ, ಬೇರೆ ಯಾವ ಕಾರಣವೂ ಇಲ್ಲ, ಇರುವುದು ಪಟ್ಟಿ ಕೂಡಿಸಿದವರ ಅವಸರ. ವಾಲುಂಡ್ ಪರಿಣಾಮ ಎಂದು ಇದಕ್ಕೆ ಹೆಸರು. ಜಾತಿಯೊಳಗೇ, ಒಳಪಂಗಡದೊಳಗೇ ಮದುವೆಯಾಗುವ ನಮ್ಮ ದೇಶದಲ್ಲಿ ಒಂದು ತಾಲ್ಲೂಕನ್ನು ಒಂದೇ ಗುಂಪೆಂದು ಎಣಿಸಿದರೆ ಹೀಗೆ ಎಡವುವುದು ಬಹುತೇಕ ಖಾತ್ರಿ.

5. ರೋಗಿಗಳಿಂದ ವಾಹಕರ ಕಡೆಗೆ ಹಿಂದಕ್ಕೆ ನಡೆಯಿರಿ

ದುರ್ಬಲ ಅಲೀಲಿನ ಕಾಯಿಲೆಗಳಲ್ಲಿ ಕಣ್ಣಿಗೆ ಕಾಣುವುದು ರೋಗಿಗಳು ಮಾತ್ರ. ಹತ್ತು ಸಾವಿರಕ್ಕೆ ಒಬ್ಬರು ರೋಗಿ ಎಂದಿಟ್ಟುಕೊಳ್ಳಿ. ಕ್ಯೂ² = 0.0001, ವರ್ಗಮೂಲ ತೆಗೆದರೆ ಕ್ಯೂ = 0.01. ವಾಹಕರು 2 × 0.99 × 0.01 = 0.0198. ಅಂದರೆ ಹತ್ತು ಸಾವಿರದಲ್ಲಿ 198 ವಾಹಕರು, ಸುಮಾರು ಐವತ್ತಕ್ಕೊಬ್ಬರು.

ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ಕೂರಿ. ಆ ಹತ್ತು ಸಾವಿರ ಜನರಲ್ಲಿ ಇರುವ 200 ದುರ್ಬಲ ಪ್ರತಿಗಳಲ್ಲಿ ರೋಗಿಯ ಬಳಿ ಇರುವುದು 2. ಉಳಿದ 198 ಆರೋಗ್ಯವಂತರ ಮೈಯಲ್ಲಿ ಸದ್ದಿಲ್ಲದೆ ಸಾಗುತ್ತಿವೆ. ರೋಗಿಗಳಿಗೆ ಮಕ್ಕಳೇ ಆಗದಂತೆ ತಡೆದರೂ ಕ್ಯೂ ಅರ್ಧಕ್ಕೆ ಇಳಿಯಲು ನೂರು ತಲೆಮಾರು ಬೇಕು; ತಲೆಮಾರಿಗೆ 25 ವರ್ಷ ಹಿಡಿದರೂ ಎರಡೂವರೆ ಸಾವಿರ ವರ್ಷ. ಸೂತ್ರ: ಎನ್ ತಲೆಮಾರಿನ ನಂತರದ ಪ್ರಮಾಣ = ಕ್ಯೂ ÷ (1 + ಎನ್ × ಕ್ಯೂ). 1907ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯ, 1933ರಲ್ಲಿ ಹಿಟ್ಲರನ ಜರ್ಮನಿ ‘ದೋಷವುಳ್ಳವರಿಗೆ’ ಬಲವಂತದ ಸಂತಾನಹರಣ ಚಿಕಿತ್ಸೆಗೆ ಕಾನೂನು ಮಾಡಿದವು. ಅದು ಕ್ರೌರ್ಯ ಎನ್ನುವುದಕ್ಕೆ ಗಣಿತ ಬೇಕಿಲ್ಲ. ಆದರೆ ವಿಜ್ಞಾನದ ಹೆಸರು ಹೇಳಿಕೊಂಡು ಮಾಡಿದ ಆ ಕೆಲಸ ದುರ್ಬಲ ಅಲೀಲ್‌ಗಳ ಮಟ್ಟಿಗೆ ಲೆಕ್ಕದಲ್ಲೂ ತಪ್ಪಾಗಿತ್ತು.

ಎಚ್ಚರಿಕೆ: ಈ ವರ್ಗಮೂಲದ ಉಪಾಯ ನಡೆಯುವುದು ಮದುವೆಗಳು ರಕ್ತಸಂಬಂಧ ನೋಡದೆ ನಡೆದಾಗ ಮಾತ್ರ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು, ಅತ್ತೆ-ಮಾವನ ಮಕ್ಕಳ ನಡುವೆ ಸಂಬಂಧ ಬೆಳೆಸುವುದು ನಮ್ಮ ಕಡೆ ಹಳೆಯ ರೂಢಿ. ಆಗ ರೋಗದ ಸಂಭವ ಕ್ಯೂ² + ಪಿ × ಕ್ಯೂ × ಎಫ್. ಇಲ್ಲಿ ಎಫ್ ಎಂದರೆ ಮಗುವಿಗೆ ಬಂದ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನ ಒಂದೇ ಪ್ರತಿಯಿಂದ ಇಳಿದಿರುವ ಸಂಭವ: ಸೋದರಮಾವ-ಸೊಸೆ ಮದುವೆಯಲ್ಲಿ 1/8, ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ 1/16. ಕ್ಯೂ 0.01 ಇದ್ದಾಗ ಮೊದಲನೆಯದರಲ್ಲಿ ಸಂಭವ ಸುಮಾರು ಹದಿಮೂರು ಪಟ್ಟು, ಎರಡನೆಯದರಲ್ಲಿ ಏಳು ಪಟ್ಟು ಏರುತ್ತದೆ. ಹದಿಮೂರು ಪಟ್ಟು ಎಂದು ಬೆಚ್ಚಿಬೀಳಬೇಡಿ, ಅದು ಸಾವಿರಕ್ಕೆ 1.3 ಅಷ್ಟೇ, ಆದರೆ ಇಂಥ ಕಾಯಿಲೆಗಳು ನೂರಾರು ಇವೆ ಎಂಬುದನ್ನು ಮರೆಯಲೂ ಬೇಡಿ. ರಕ್ತಸಂಬಂಧದ ಮದುವೆಯಿಂದ ಅಲೀಲ್‌ಗಳ ಪ್ರಮಾಣ ಹೆಚ್ಚುವುದಿಲ್ಲ. ಇರುವ ಪ್ರತಿಗಳೇ ಜೋಡಿಯಾಗಿ ಬಯಲಿಗೆ ಬರುತ್ತವೆ.

6. ಪ್ರಮಾಣ ನಿಜವಾಗಿ ಬದಲಾಗಿದ್ದರೆ ಕಾರಣ ಹುಡುಕಿ

ಕಾರಣಗಳು ನಾಲ್ಕೇ. ಎರಡನ್ನು ಬೇಗ ಮುಗಿಸೋಣ. ಉತ್ಪರಿವರ್ತನೆ ಎಂದರೆ ಡಿಎನ್‌ಎ ನಕಲಾಗುವಾಗ ಆಗುವ ಅಕ್ಷರದೋಷ. ಪ್ರತಿ ಮಗುವಿನಲ್ಲೂ ತಂದೆತಾಯಿಯಲ್ಲಿ ಇಲ್ಲದ ಇಂಥ ಹೊಸ ಬದಲಾವಣೆಗಳು ಸುಮಾರು 60-70 ಇರುತ್ತವೆ. ಹೊಸತೆಲ್ಲ ಬರುವುದು ಇಲ್ಲಿಂದಲೇ, ಆದರೆ ಒಂದು ಜೀನಿನ ಮಟ್ಟಿಗೆ ಇದು ಆಮೆಯ ನಡಿಗೆ. ಜೀನ್ ಹರಿವು ಎಂದರೆ ಹೊರಗಿನವರು ಬಂದು ಬೆರೆಯುವುದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಜನರ ಡಿಎನ್‌ಎಯಲ್ಲಿ ಆಫ್ರಿಕದ ಮೂಲದ ಜೊತೆ ಇಲ್ಲಿನ ಜನರ ಬೆರಕೆಯೂ ಕಾಣುತ್ತದೆ.

ಮೂರನೆಯದು ಆನುವಂಶಿಕ ದಿಕ್ಚ್ಯುತಿ. ಹೆಸರು ಗಡುಸು, ವಿಷಯ ಸರಳ: ಅದೃಷ್ಟದ ಏರುಪೇರು. ಈಗ ಅಲಸಂದೆ ತೆಗೆಯಿರಿ. ಡಬ್ಬಿಗೆ 5 ಕೆಂಪು, 5 ಬಿಳಿ ಹಾಕಿ. ನೋಡದೆ ಒಂದು ಕಾಳು ತೆಗೆದು ಬಣ್ಣ ಬರೆದುಕೊಳ್ಳಿ, ಕಾಳನ್ನು ವಾಪಸು ಹಾಕಿ ಕುಲುಕಿ. ಹತ್ತು ಸಲ ಹೀಗೆ ಮಾಡಿ. ಆರು ಕೆಂಪು, ನಾಲ್ಕು ಬಿಳಿ ಬಂದವೆನ್ನಿ; ಡಬ್ಬಿಯಲ್ಲಿ ಈಗ 6 ಕೆಂಪು, 4 ಬಿಳಿ ಇಡಿ. ಇದು ಮುಂದಿನ ತಲೆಮಾರು. ಮತ್ತೆ ಹತ್ತು ಸಲ. ಒಂದು ಬಣ್ಣ ಪೂರ್ತಿ ಅಳಿಯುವ ತನಕ ನಡೆಸಿ. ಅಡುಗೆಮನೆಯ ಕಟ್ಟೆಯ ಮೇಲೆ ನಾನು ಮಾಡಿದಾಗ ಕೆಂಪಿನ ಸಂಖ್ಯೆ ಹೀಗೆ ಸಾಗಿತು: 5, 6, 6, 8, 7, 9, 9, 10. ಏಳೇ ಸುತ್ತಿಗೆ ಬಿಳಿ ಮಾಯ. ಸರಾಸರಿಯಲ್ಲಿ ಸುಮಾರು ಹದಿನಾಲ್ಕು ಸುತ್ತು ಹಿಡಿಯುತ್ತದೆ.

ಕೆಂಪು ಅಲಸಂದೆ ಬಿಳಿಗಿಂತ ಯಾವುದರಲ್ಲೂ ಮೇಲಲ್ಲ. ಆದರೂ ಗೆದ್ದಿತು. ಇದನ್ನು ಅರಿಯದವರು ಕಂಡ ಪ್ರತಿ ಗುಣಕ್ಕೂ ‘ಇದರಿಂದ ಏನೋ ಉಪಯೋಗ ಇದ್ದೇ ಇರಬೇಕು’ ಎಂದು ಕಾರಣ ಕಟ್ಟುತ್ತಾರೆ. ಗುಂಪು ಚಿಕ್ಕದಾದಷ್ಟೂ ಈ ಏರುಪೇರು ಜೋರು. ಕೆಲವೇ ಕುಟುಂಬಗಳಿಂದ ಬೆಳೆದ ಸಮುದಾಯಗಳಲ್ಲಿ ಅಪರೂಪದ ಅಲೀಲ್‌ಗಳು ಹೀಗೆಯೇ ಹೆಚ್ಚಿರುತ್ತವೆ. ತೆಲುಗು-ಕನ್ನಡ ನಾಡಿನ ವೈಶ್ಯ ಸಮುದಾಯದಲ್ಲಿ ಸ್ಯೂಡೋಕೋಲಿನೆಸ್ಟರೇಸ್ ಕಿಣ್ವದ ಕೊರತೆ ಇತರರಿಗಿಂತ ಹೆಚ್ಚು. ದಿನನಿತ್ಯ ಅದರಿಂದ ಯಾವ ತೊಂದರೆಯೂ ಇಲ್ಲ, ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ಕೊಟ್ಟಾಗ ಮಾತ್ರ ಸ್ನಾಯುಗಳು ಬೇಗ ಚೇತರಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಹಾಗೆ ಆಗಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ.

ನಾಲ್ಕನೆಯದು ನಿಸರ್ಗದ ಆಯ್ಕೆ. ಎಸ್ ಅಲೀಲ್ ಅಳಿಯದೆ ಉಳಿದದ್ದಕ್ಕೆ ಕಾರಣ ಸೊಳ್ಳೆ. 1954ರಲ್ಲಿ ಪೂರ್ವ ಆಫ್ರಿಕದಲ್ಲಿ ಸಂಶೋಧಕ ಆಲಿಸನ್ ತೋರಿಸಿದಂತೆ, ಎಎಸ್ ಜೋಡಿಯವರಿಗೆ ಮಾರಣಾಂತಿಕ ಮಲೇರಿಯಾದಿಂದ ರಕ್ಷಣೆ ಇದೆ. ಎಎ ಮಕ್ಕಳನ್ನು ಮಲೇರಿಯಾ ಒಯ್ಯುತ್ತದೆ, ಎಸ್‌ಎಸ್ ಮಕ್ಕಳನ್ನು ರಕ್ತದ ಕಾಯಿಲೆ. ನಡುವಿನವರು ಉಳಿಯುತ್ತಾರೆ, ಅವರೊಂದಿಗೆ ಎಸ್ ಕೂಡ. ಮಲೇರಿಯಾ ನೂರು ಎಎಗಳಲ್ಲಿ 10 ಜನರನ್ನು, ಸಿಕಲ್ ಸೆಲ್ ಎಲ್ಲ ಎಸ್‌ಎಸ್‌ಗಳನ್ನು ಕೊಲ್ಲುತ್ತದೆ ಎಂದಿಟ್ಟುಕೊಂಡರೆ ಕ್ಯೂ ನಿಲ್ಲುವ ಜಾಗ 0.1 ÷ (0.1 + 1), ಅಂದರೆ 0.09. ಅಲ್ಲಿಂದ ಮೇಲಕ್ಕೂ ಹೋಗದು, ಕೆಳಕ್ಕೂ ಇಳಿಯದು. ‘ಕೆಟ್ಟ ಜೀನ್’ ಎಂಬ ಮಾತನ್ನು ಶೀರ್ಷಿಕೆಯಲ್ಲಿ ಬಳಸಿದ್ದೇನೆ. ಮಲೇರಿಯಾ ಇರುವ ಕಾಡಂಚಿನಲ್ಲಿ ನಿಂತು ಅದನ್ನು ಹೇಳುವುದು ಕಷ್ಟ.

2023ರ ಜುಲೈಯಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಇದೆ. ತಪಾಸಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ವಾಹಕರೆಂದು ಬಂದರೆ ಪ್ರತಿ ಮಗುವಿಗೂ ಕಾಯಿಲೆಯ ಸಂಭವ ನಾಲ್ಕರಲ್ಲಿ ಒಂದು. ‘ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ’ ಎಂದು ಹೇಳುವವರನ್ನು ನಂಬಬೇಡಿ. ಚೌಕಾಬಾರದ ಕವಡೆಗೆ ಹಿಂದಿನ ಗರ ನೆನಪಿರುವುದಿಲ್ಲ.

7. ಇದೇ ಲೆಕ್ಕವನ್ನು ಹೊಲಕ್ಕೆ ಒಯ್ಯಿರಿ

ಕಾಯಿಕೊರಕ ಹುಳುವನ್ನು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವ ಬಿಟಿ ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಇನ್ನೊಂದು ಪೊಟ್ಟಣ ಇರುತ್ತಿತ್ತು, ಹೊಲದ ಅಂಚಿಗೆ ಬಿತ್ತಲು. ಹುಳ ತಿನ್ನುವ ಬೆಳೆಯನ್ನು ಬೇಕೆಂದೇ ಬಿತ್ತಿ ಎಂದರೆ ಯಾರು ಕೇಳುತ್ತಾರೆ? ಎಷ್ಟೋ ಕಡೆ ಆ ಪೊಟ್ಟಣ ಬದುವಿಗೆ ಬಿತ್ತು. ಅದರಲ್ಲಿ ಏನಿತ್ತೆಂದು ಈಗ ಎಣಿಸೋಣ.

ಗುಲಾಬಿ ಕಾಯಿಕೊರಕ ಹುಳುವಿನಲ್ಲಿ ವಿಷ ತಡೆಯುವ ಅಲೀಲ್ ದುರ್ಬಲ, ಪ್ರಮಾಣ 0.01 ಎಂದಿರಲಿ. ಮಿಶ್ರ ಜೋಡಿಯ ಹುಳು ಬಿಟಿ ಗಿಡದಲ್ಲಿ ಸಾಯುತ್ತದೆ. 10 ಲಕ್ಷ ಹುಳುಗಳಲ್ಲಿ ತಡೆಯುವ ಸಮಜೋಡಿ 100 ಮಾತ್ರ.

ಎಲ್ಲ ಕಡೆ ಬಿಟಿ ಇದ್ದರೆ ಉಳಿಯುವುದು ಆ 100. ಅವಕ್ಕೆ ಕೂಡಲು ಸಿಗುವುದೂ ಅವೇ. ಮುಂದಿನ ತಲೆಮಾರಿನಲ್ಲಿ ಕ್ಯೂ 1. ಒಂದೇ ಜಿಗಿತಕ್ಕೆ.

ಐದನೆಯ ಒಂದು ಪಾಲು ಸಾದಾ ಹತ್ತಿ ಇದ್ದರೆ? ಅಲ್ಲಿ 2 ಲಕ್ಷ ಹುಳು ಬದುಕುತ್ತವೆ, ಅವುಗಳ 4 ಲಕ್ಷ ಪ್ರತಿಗಳಲ್ಲಿ ತಡೆಯುವವು 4,000. ಬಿಟಿ ಪಾಲಿನಿಂದ ಉಳಿದ 80 ಹುಳುಗಳ ಪ್ರತಿಗಳು 160. ಎಲ್ಲವೂ ಚೆನ್ನಾಗಿ ಬೆರೆತರೆ ಕ್ಯೂ = 4,160 ÷ 4,00,160, ಅಂದರೆ 0.0104. ಬದಲಾಗಲೇ ಇಲ್ಲ ಎನ್ನಬಹುದು. ಬಿಟಿ ಪಾಲಿನಲ್ಲಿ ಬದುಕುಳಿದ ಆ 80 ಹುಳುಗಳ ಮಕ್ಕಳು ಬಹುಪಾಲು ಮಿಶ್ರ ಜೋಡಿಯಾಗಿ ಹುಟ್ಟಿ ಬಿಟಿ ಗಿಡದಲ್ಲಿ ಸಾಯುತ್ತವೆ.

ನಿಜವಾದ ಹೊಲ ಇಷ್ಟು ನಯವಾಗಿರುವುದಿಲ್ಲ. ಪತಂಗಗಳು ಪೂರ್ತಿ ಬೆರೆಯುವುದಿಲ್ಲ, ಕೆಲವು ಮಿಶ್ರ ಜೋಡಿಗಳೂ ಬದುಕುತ್ತವೆ. ಗುಜರಾತಿನ ಗುಲಾಬಿ ಕಾಯಿಕೊರಕ ಮೊದಲ ಬಿಟಿ ಜೀನನ್ನು ಗೆದ್ದಿದೆ ಎಂಬ ಸುದ್ದಿ 2010ರಲ್ಲಿ ಹೊರಬಿತ್ತು. ಎರಡು ಜೀನ್ ಇರುವ ಬೀಜವನ್ನೂ ಅದು ಕೆಲವೇ ವರ್ಷಗಳಲ್ಲಿ ದಾಟಿತು. ಇದನ್ನೇ ನಾವು ‘ಹುಳುವಿಗೆ ಔಷಧಿ ಒಗ್ಗಿತು’ ಎನ್ನುತ್ತೇವೆ. ಯಾವ ಹುಳುವಿಗೂ ಏನೂ ಒಗ್ಗಲಿಲ್ಲ. ತಡೆಯಲಾರದವು ಸತ್ತವು, ಮೊದಲೇ ತಡೆಯಬಲ್ಲವಾಗಿದ್ದವು ಮರಿ ಹಾಕಿದವು.

ಕೈ ಕುದುರಲು ಒಂದು ಲೆಕ್ಕ

ರಕ್ತದ ಎಂ-ಎನ್ ವರ್ಗೀಕರಣದಲ್ಲಿ ಮಿಶ್ರ ಜೋಡಿಯೂ ಪರೀಕ್ಷೆಯಲ್ಲಿ ಬೇರೆಯಾಗಿ ಕಾಣುತ್ತದೆ, ಅದಕ್ಕೇ ಅಭ್ಯಾಸಕ್ಕೆ ಒಳ್ಳೆಯದು. 200 ಜನರಲ್ಲಿ ಎಂ 72, ಎಂಎನ್ 96, ಎನ್ 32 ಎಂದಿಟ್ಟುಕೊಳ್ಳಿ. ಪಿ ಕಂಡುಹಿಡಿದು ನಿರೀಕ್ಷಿತ ಸಂಖ್ಯೆಗಳನ್ನು ಬರೆಯಿರಿ. ಪಿ 0.6 ಬಂದು ಮೂರೂ ಸಂಖ್ಯೆಗಳು ಹೊಂದಿದರೆ ಸರಿ. ಪಿ 1.2 ಬಂದಿದ್ದರೆ 400ರಿಂದ ಭಾಗಿಸುವ ಬದಲು 200ರಿಂದ ಭಾಗಿಸಿದ್ದೀರಿ. ಎರಡನೆಯ ಹಂತಕ್ಕೆ ಹೋಗಿ.